ಮನೆಯ ಡಿಜಿಟಲ್ ಚಲನಚಿತ್ರ ಸಂಗ್ರಹ ಮತ್ತು ಮೀಸಲು ಪ್ರತಿ

ಮನೆಯ ಡಿಜಿಟಲ್ ಚಲನಚಿತ್ರ ಸಂಗ್ರಹ ಎಂದರೆ ಕುಟುಂಬವೊಂದರ ಬಳಿ ಕಡತಗಳ ರೂಪದಲ್ಲಿರುವ ಚಲನಚಿತ್ರಗಳು, ಮದುವೆ ಮೊದಲಾದ ಸಮಾರಂಭಗಳ ವಿಡಿಯೊಗಳು ಮತ್ತು ಅವುಗಳ ವಿವರಗಳನ್ನು ಒಳಗೊಂಡ ಸಂಗ್ರಹ. ಸಂಗ್ರಹವಿರುವ ಸಾಧನ ಕೆಟ್ಟರೆ, ಕಳೆದುಹೋದರೆ ಅಥವಾ ಕಡತಗಳು ಅಳಿಸಿಹೋದರೆ ಅವುಗಳನ್ನು ಮರಳಿ ಪಡೆಯಲೆಂದು ಬೇರೊಂದು ಸಾಧನದಲ್ಲಿ ಇಟ್ಟುಕೊಂಡ ನಕಲನ್ನು ಮೀಸಲು ಪ್ರತಿ ಅಥವಾ ಬ್ಯಾಕಪ್ ಎಂದು ಕರೆಯಲಾಗುತ್ತದೆ. ಸಂಗ್ರಹಿಸುವುದು ಮತ್ತು ಮೀಸಲಿಡುವುದು ಬೇರೆ ಬೇರೆ ಕೆಲಸಗಳು. ವಿಸಿಡಿ, ಡಿವಿಡಿಗಳಲ್ಲಿದ್ದುದನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿ ತಟ್ಟೆಗಳನ್ನು ಗುಜರಿಗೆ ಹಾಕಿದ ಮನೆಯಲ್ಲಿ ಸಂಗ್ರಹವಿರುತ್ತದೆ, ಮೀಸಲು ಪ್ರತಿ ಇರುವುದಿಲ್ಲ. ಮೊದಲು ನೂರಾರು ತಟ್ಟೆಗಳಲ್ಲಿ ಹಂಚಿಹೋಗಿದ್ದ ಅಪಾಯ ಈಗ ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಂಡಿರುತ್ತದೆ.

ಹಿನ್ನೆಲೆ

ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ನಟಿಸಿದ ಈ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, ಅಂದರೆ ಈ ಚಿತ್ರ ತೆರೆಕಂಡು ಮೂವತ್ತು ವರ್ಷಗಳಾದ ಮೇಲೆ. ಸಂಗ್ರಹಾಲಯವಿದ್ದ ಮಾತ್ರಕ್ಕೆ ಅಪಾಯ ತಪ್ಪಲಿಲ್ಲ. 2003ರ ಜನವರಿಯಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ಆವರಣದಲ್ಲಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಅಲ್ಲಿದ್ದ ಹಳೆಯ ನೈಟ್ರೇಟ್ ಫಿಲಂ ಸುರುಳಿಗಳು ನಾಶವಾದವು. ಇದಕ್ಕೆ ಪ್ರತಿಯಾಗಿ, ಗಿರೀಶ ಕಾಸರವಳ್ಳಿಯವರ ಘಟಶ್ರಾದ್ಧ (1977) ಚಿತ್ರದ ಮೂಲ ನೆಗೆಟಿವ್ ಅದೇ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದ ಅದನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿ 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾಯಿತು.

ಮನೆಗಳಿಗೆ ಚಲನಚಿತ್ರ ಬಂದದ್ದು ಮೊದಲು ವಿಎಚ್‌ಎಸ್ ಕ್ಯಾಸೆಟ್ಟುಗಳ ಮೂಲಕ, ಆಮೇಲೆ ವಿಸಿಡಿ ಮತ್ತು ಡಿವಿಡಿಗಳ ಮೂಲಕ. 1993ರಲ್ಲಿ ರೂಪುಗೊಂಡ ವಿಸಿಡಿ ಮಾನಕ ಪಾಶ್ಚಾತ್ಯ ಮಾರುಕಟ್ಟೆಗಳಲ್ಲಿ ಹೆಚ್ಚು ನೆಲೆಯೂರದಿದ್ದರೂ ಭಾರತದಲ್ಲಿ ಬಹಳ ಜನಪ್ರಿಯವಾಯಿತು. ಮೋಸರ್ ಬೇರ್ ಸಂಸ್ಥೆ 2007ರಲ್ಲಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದ ಮೇಲೆ ಸಿನಿಮಾ ಕೊಂಡು ಇಟ್ಟುಕೊಳ್ಳುವುದು ಸಾಮಾನ್ಯ ಕುಟುಂಬಗಳಿಗೂ ಎಟುಕಿತು. ಆ ಸಂಸ್ಥೆಯೇ 2018ರಲ್ಲಿ ಸಮಾಪನಗೊಂಡಿತು. ಅಂತರಜಾಲದ ಪ್ರಸಾರ ವೇದಿಕೆಗಳಲ್ಲಿ ಚಿತ್ರಗಳು ಪರವಾನಗಿಯ ಅವಧಿ ಮುಗಿದೊಡನೆ ಕಾಣೆಯಾಗುತ್ತವೆ. ಹೀಗಾಗಿ, ವಿಸಿಡಿಯ ನಂತರ ಮತ್ತೆ ಯಾವ ರೂಪದಲ್ಲಿಯೂ ಮಾರಾಟಕ್ಕೆ ಬಾರದ ಚಿತ್ರದ ಮಟ್ಟಿಗೆ ಮನೆಯ ಬೀರುವಿನಲ್ಲಿರುವ ಗೀರುಬಿದ್ದ ತಟ್ಟೆಗೂ ಒಂದು ದಾಖಲೆಯ ಬೆಲೆಯಿದೆ.

ಸಂಗ್ರಹದ ವರ್ಗೀಕರಣ ಮತ್ತು ಗಾತ್ರ

ಎಲ್ಲ ಕಡತಗಳಿಗೂ ಒಂದೇ ಮಟ್ಟದ ರಕ್ಷಣೆ ಬೇಕಿಲ್ಲ. ಕುಟುಂಬದ ಸ್ವಂತ ವಿಡಿಯೊಗಳಿಗೆ ಜಗತ್ತಿನಲ್ಲಿ ಬೇರೆ ಪ್ರತಿಯಿಲ್ಲ. ತೀರಿಹೋದ ಅಜ್ಜಿಯ ದನಿ ಇರುವ ಮದುವೆ ಕ್ಯಾಸೆಟ್ಟನ್ನು ಯಾವ ಸಂಗ್ರಹಾಲಯವೂ ಕಾಯುವುದಿಲ್ಲ. ಮಾರುಕಟ್ಟೆಯಿಂದ ಮರೆಯಾದ ಚಿತ್ರಗಳು ಎರಡನೆಯ ವರ್ಗಕ್ಕೆ ಸೇರುತ್ತವೆ. ಇಂದಿಗೂ ಸುಲಭವಾಗಿ ಸಿಗುವ ಚಿತ್ರಗಳು ಕಳೆದರೆ ಹಣ ಮತ್ತು ಸಮಯ ಮಾತ್ರ ನಷ್ಟ. ಆದರೆ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದಕ್ಕೆ ವಿರುದ್ಧವಾದ ಕ್ರಮ: ಹೊಸ ಚಿತ್ರಗಳು ಎರಡೆರಡು ಡಿಸ್ಕುಗಳಲ್ಲಿರುತ್ತವೆ, ಮದುವೆ ಕ್ಯಾಸೆಟ್ಟು ಅಟ್ಟದ ಮೇಲೆ ಧೂಳು ಹಿಡಿಯುತ್ತಿರುತ್ತದೆ.

ದಾವಣಗೆರೆ ನಗರದ ವಸತಿ ಪ್ರದೇಶವಾದ ನಿಟ್ಟುವಳ್ಳಿಯ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಲ್ಲಿ ವಿಸಿಡಿಯಲ್ಲಿರುವ 200 ಚಿತ್ರಗಳು, 100 ಡಿವಿಡಿಗಳು ಮತ್ತು 10 ಗಂಟೆಗಳಷ್ಟು ಮಿನಿ ಡಿವಿ ಟೇಪುಗಳಿವೆ ಎಂದುಕೊಳ್ಳೋಣ. ವಿಸಿಡಿಯಲ್ಲಿ ಎರಡೂವರೆ ಗಂಟೆಯ ಚಿತ್ರವೊಂದಕ್ಕೆ ಸುಮಾರು 1.5 ಗಿಗಾಬೈಟ್ ಬೇಕು. ಡಿವಿಡಿಯೊಂದಕ್ಕೆ ಸರಾಸರಿ 6 ಗಿಗಾಬೈಟ್ ಎಂದು ಲೆಕ್ಕ ಹಿಡಿಯಬಹುದು. ಡಿವಿ ಟೇಪು ಗಂಟೆಗೆ ಸುಮಾರು 13 ಗಿಗಾಬೈಟ್ ತೆಗೆದುಕೊಳ್ಳುತ್ತದೆ. ಒಟ್ಟು 1,030 ಗಿಗಾಬೈಟ್ ಆಗುತ್ತದೆ. ಇದರಲ್ಲಿ ಕುಟುಂಬದ ಸ್ವಂತ ಭಾಗ 130 ಗಿಗಾಬೈಟ್ ಮಾತ್ರ ಎಂಬುದು ಮುಂದಿನ ನಿರ್ಧಾರಗಳಿಗೆಲ್ಲ ಮುಖ್ಯವಾದ ಸಂಗತಿ. 1 ಟೆರಾಬೈಟ್ ಎಂದು ಮಾರಾಟವಾಗುವ ಡಿಸ್ಕನ್ನು ವಿಂಡೋಸ್ 931 ಗಿಗಾಬೈಟ್ ಎಂದು ತೋರಿಸುತ್ತದೆ. ಇದು ಮೋಸವಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1,024ರ ಲೆಕ್ಕದಲ್ಲಿಯೂ ಎಣಿಸುತ್ತಾರೆ. ಅಂತೂ ಈ ಮನೆಗೆ 2 ಟೆರಾಬೈಟ್ ಸಾಮರ್ಥ್ಯದ ಡಿಸ್ಕು ಬೇಕಾಗುತ್ತದೆ.

ಹಳೆಯ ಮಾಧ್ಯಮಗಳಿಂದ ವರ್ಗಾವಣೆ

ವಿಎಚ್‌ಎಸ್ ಕ್ಯಾಸೆಟ್ಟುಗಳ ವರ್ಗಾವಣೆಯನ್ನು ಮುಂದೂಡುವಂತಿಲ್ಲ. ಕಾಂತೀಯ ಪಟ್ಟಿಗೆ ಬೂಷ್ಟು ಹಿಡಿಯುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ವಿಸಿಆರ್ ಯಂತ್ರಗಳ ಅಭಾವ. ಕೊನೆಯ ತಯಾರಕ ಸಂಸ್ಥೆಯೆಂದು ತಿಳಿದಿರುವ ಜಪಾನಿನ ಫುನಾಯ್ 2016ರಲ್ಲಿ ಅವುಗಳ ಉತ್ಪಾದನೆಯನ್ನು ನಿಲ್ಲಿಸಿತು.

ವಿಸಿಡಿಯ ಸಮಸ್ಯೆ ಬೇರೆ ಬಗೆಯದು. ದತ್ತಾಂಶದ ಸಿ.ಡಿ.ಯಲ್ಲಿ ಪ್ರತಿ ಸೆಕ್ಟರಿನ 2,048 ಬೈಟುಗಳು ಬಳಕೆಗೆ ದೊರೆತು, ಉಳಿದ ಜಾಗದ ಬಹುಭಾಗ ದೋಷ ತಿದ್ದುವ ಹೆಚ್ಚುವರಿ ಸಂಕೇತಗಳಿಗೆ ಮೀಸಲಾಗಿರುತ್ತದೆ. ವಿಸಿಡಿಯ ವಿಡಿಯೊ ಭಾಗದಲ್ಲಿ ಹೆಚ್ಚು ಚಿತ್ರ ತುಂಬಿಸಲೆಂದು ಆ ಸಂಕೇತಗಳನ್ನು ಬಿಟ್ಟು ಸೆಕ್ಟರಿಗೆ 2,324 ಬೈಟುಗಳನ್ನು ಬಳಸಲಾಗಿದೆ. ಆದ್ದರಿಂದಲೇ ಗೀರು ಬಿದ್ದಾಗ ವಿಸಿಡಿ ಬೇಗ ಸೋಲುತ್ತದೆ. ಎಂಪೆಗ್‌ಎವಿ ಎಂಬ ಕಡತಕೋಶದಲ್ಲಿ ಕಾಣುವ ಡ್ಯಾಟ್ ಕಡತವನ್ನು ನೇರವಾಗಿ ನಕಲಿಸುವಾಗ ಓದಲಾಗದ ಒಂದು ಸ್ಥಳ ಎದುರಾದರೆ ಇಡೀ ನಕಲು ನಿಂತುಹೋಗುವುದುಂಟು. ಇಡೀ ತಟ್ಟೆಯ ಪ್ರತಿಬಿಂಬವನ್ನು ಬಿನ್ ಮತ್ತು ಕ್ಯೂ ರೂಪದಲ್ಲಿ ಪಡೆಯುವ ತಂತ್ರಾಂಶಗಳು ಇಂತಹ ಸ್ಥಳವನ್ನು ಮರಳಿ ಮರಳಿ ಓದುತ್ತವೆ, ಸಾಧ್ಯವಾಗದಿದ್ದರೆ ಅದನ್ನು ಬಿಟ್ಟು ಮುಂದೆ ಸಾಗುತ್ತವೆ. ಬೇರೊಂದು ಡ್ರೈವಿನಲ್ಲಿ ಪ್ರಯತ್ನಿಸಿದಾಗ ಅದೇ ತಟ್ಟೆ ಸರಾಗವಾಗಿ ಓದಿಸಿಕೊಳ್ಳುವುದೂ ಉಂಟು. ವಿಸಿಡಿಯ ಚಿತ್ರವನ್ನು ಗಾತ್ರ ಇಳಿಸಲೆಂದು ಮತ್ತೆ ಸಂಕುಚಿಸಬಾರದು. 352×288 ಬಿಂದುಗಳ ಆ ಚಿತ್ರದಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ.

ಹಾನಿಯ ಕಾರಣಗಳು

ಸಾವಿರಾರು ಹಾರ್ಡ್ ಡಿಸ್ಕುಗಳನ್ನು ನಡೆಸುವ ಬ್ಯಾಕ್‌ಬ್ಲೇಜ್ ಸಂಸ್ಥೆಯ ಪ್ರಕಟಿತ ಅಂಕಿಅಂಶಗಳಲ್ಲಿ 2023ರ ವಾರ್ಷಿಕ ವೈಫಲ್ಯ ಪ್ರಮಾಣ ಶೇ 1.40. ಅವು ತಂಪಾದ ಕೋಣೆಯಲ್ಲಿ, ನಿರಂತರ ವಿದ್ಯುತ್ತಿನಲ್ಲಿ, ಯಾರೂ ಮುಟ್ಟದೆ ಓಡುವ ಡಿಸ್ಕುಗಳು. ಮನೆಯ ಡಿಸ್ಕು ಮೇಜಿನಿಂದ ಬೀಳುತ್ತದೆ, ಟಿ.ವಿ.ಯಿಂದ ಹಾಗೆಯೇ ಕೀಳಲ್ಪಡುತ್ತದೆ, ಬೇಸಿಗೆಯಲ್ಲಿ ಕಾದ ಚಾವಣಿಯ ಕೆಳಗಿನ ಅಟ್ಟದಲ್ಲಿ ಇರುತ್ತದೆ.

ಬರೆಯುತ್ತಿರುವಾಗಲೇ ವಿದ್ಯುತ್ ಹೋಗುವುದು ಇನ್ನೊಂದು ಅಪಾಯ. ಟಿ.ವಿ. ಮತ್ತು ಕಂಪ್ಯೂಟರ್ ಎರಡರಲ್ಲೂ ಓಡಲೆಂದು ಹೊರಗಿನ ಡಿಸ್ಕುಗಳನ್ನು ಹೆಚ್ಚಾಗಿ ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿ ಸಿದ್ಧಪಡಿಸಲಾಗಿರುತ್ತದೆ. ಅದರಲ್ಲಿ ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸಿಕೊಳ್ಳುವ ದಿನಚರಿ ಇಲ್ಲ. ಎನ್‌ಟಿಎಫ್‌ಎಸ್ ಮತ್ತು ಎಕ್ಸ್ಟ್4 ವ್ಯವಸ್ಥೆಗಳಲ್ಲಿ ಅದಿದೆ. ಮನೆಯ ಇನ್ವರ್ಟರ್ ಇದ್ದರೂ ಅದು ಬ್ಯಾಟರಿಗೆ ಹೊರಳುವ ಕ್ಷಣದಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಆರಿಹೋಗಬಹುದು. ಅದಕ್ಕೆ ಪ್ರತ್ಯೇಕ ಯುಪಿಎಸ್ ಬೇಕು, ಇಲ್ಲವೇ ನಕಲಿಸುವ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮಾಡಬೇಕು.

ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬಿದ್ದರೂ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡಲು ಅದು ತಕ್ಕುದಲ್ಲ. ಜೆಡೆಕ್ ಮಾನಕದ ಪ್ರಕಾರ, ತನ್ನ ಬರಹದ ಆಯುಷ್ಯವನ್ನೆಲ್ಲ ಮುಗಿಸಿದ ಗೃಹಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವಿದ್ಯುತ್ ಇಲ್ಲದೆ ಒಂದು ವರ್ಷ ದತ್ತಾಂಶವನ್ನು ಹಿಡಿದಿಟ್ಟುಕೊಂಡರೆ ಸಾಕು. ಉಷ್ಣತೆ ಹೆಚ್ಚಿದಷ್ಟೂ ಈ ಅವಧಿ ಕಡಿಮೆಯಾಗುತ್ತದೆ. ದಾವಣಗೆರೆಯ ಏಪ್ರಿಲ್, ಮೇ ತಿಂಗಳುಗಳ ಬಿಸಿಲನ್ನು ಗಮನಿಸಿದರೆ ಇದು ಸಣ್ಣ ಮಾತಲ್ಲ.

ಇವೆಲ್ಲದರ ಜೊತೆಗೆ ಕೈತಪ್ಪಿ ಅಳಿಸುವುದು, ಕಳವು, ಮತ್ತು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶಗಳು ಇವೆ. ಈ ಕುತಂತ್ರಾಂಶಗಳು ಆ ಹೊತ್ತಿಗೆ ಕಂಪ್ಯೂಟರಿಗೆ ಜೋಡಿಸಿರುವ ಮೀಸಲು ಡಿಸ್ಕನ್ನೂ ಬಿಡುವುದಿಲ್ಲ.

3-2-1 ಸೂತ್ರ

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಈ ಸೂತ್ರದಂತೆ ಯಾವುದೇ ಕಡತದ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಇರಬೇಕು. ನಿಟ್ಟುವಳ್ಳಿಯ ಮನೆಗೆ ಇದನ್ನು ಅನ್ವಯಿಸಿದರೆ, ದಿನಬಳಕೆಯ ಪ್ರತಿ ಟಿ.ವಿ. ಅಥವಾ ಕಂಪ್ಯೂಟರಿನ ಬಳಿ, ಎರಡನೆಯದು ಕಪಾಟಿನೊಳಗೆ ತಂತಿ ಬಿಚ್ಚಿಟ್ಟ ಡಿಸ್ಕಿನಲ್ಲಿ, ಮೂರನೆಯದು ಸುಮಾರು 14 ಕಿ.ಮೀ. ದೂರದ ಹರಿಹರದ ಬಂಧುಗಳ ಮನೆಯಲ್ಲಿ. ಅದೇ ಕಟ್ಟಡದ ಮೇಲಿನ ಮಹಡಿ ಬೇರೆ ಸ್ಥಳವೆನಿಸುವುದಿಲ್ಲ; ಬೆಂಕಿಗೆ ಮಹಡಿಯ ಭೇದವಿಲ್ಲ. ಹರಿಹರದಲ್ಲಿಯೂ ತುಂಗಭದ್ರೆಯ ನೆರೆ ತಲುಪುವ ತಗ್ಗಿನ ಮನೆಗಳನ್ನು ಬಿಟ್ಟು ಎತ್ತರದ ಮನೆಯನ್ನು ಆರಿಸಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ, ಹಬ್ಬಕ್ಕೆ ಹೋಗಿಬರುವಾಗ, ಎರಡು ಡಿಸ್ಕುಗಳನ್ನು ಅದಲುಬದಲು ಮಾಡಿಕೊಂಡರೆ ಸಾಕಾಗುತ್ತದೆ.

ಮೂರನೆಯ ಪ್ರತಿಗೆ ಕ್ಲೌಡ್ ಸೇವೆಯನ್ನು ಬಳಸುವುದೂ ಉಂಟು. ಸೆಕೆಂಡಿಗೆ 40 ಮೆಗಾಬಿಟ್ ವೇಗದಲ್ಲಿ ಮೇಲೆ ಕಳುಹಿಸುವ ಸಂಪರ್ಕವಿದ್ದರೆ ಈ ಮನೆಯ 1,030 ಗಿಗಾಬೈಟ್ ಹೋಗಲು ಎಡೆಬಿಡದೆ 57 ಗಂಟೆ ಹಿಡಿಯುತ್ತದೆ, ಬಾಡಿಗೆಯನ್ನೂ ಪ್ರತಿ ವರ್ಷ ಕಟ್ಟುತ್ತಿರಬೇಕು. ಕುಟುಂಬದ 130 ಗಿಗಾಬೈಟ್ ಆದರೋ ಏಳು ಗಂಟೆ ಚಿಲ್ಲರೆಯಲ್ಲಿ, ಅಂದರೆ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಸ್ವಂತ ವಿಡಿಯೊಗಳನ್ನು ಕ್ಲೌಡ್‌ನಲ್ಲಿ, ಇಡೀ ಸಂಗ್ರಹವನ್ನು ಡಿಸ್ಕಿನಲ್ಲಿ ಇಡುವುದು ಬಹುತೇಕ ಮನೆಗಳಿಗೆ ಹೊಂದುವ ಏರ್ಪಾಡು. (ಅದೇ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಹರಿಹರ ತಲುಪಿದರೆ ಸೆಕೆಂಡಿಗೆ 3 ಗಿಗಾಬಿಟ್ ವೇಗದಲ್ಲಿ ಕಳುಹಿಸಿದಂತಾಗುತ್ತದೆ.)

ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್ ತಂತ್ರವನ್ನು 1988ರಲ್ಲಿ ಬರ್ಕಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ವಿವರಿಸಿದರು. ಅದರ ಬಹುತೇಕ ವಿಧಗಳಲ್ಲಿ ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಹಾಗೆಂದು ಅದನ್ನು ಮೀಸಲು ಪ್ರತಿ ಎಂದು ಭಾವಿಸುವುದು ವ್ಯಾಪಕವಾದ ತಪ್ಪು ಕಲ್ಪನೆ. ಅಳಿಸಿದ ಕಡತ ಎಲ್ಲ ಡಿಸ್ಕುಗಳಿಂದಲೂ ಅದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಒಂದು ಕಡೆಯಲ್ಲಿರುವಂತೆಯೇ ಇನ್ನೊಂದು ಕಡೆಯನ್ನೂ ಮಾಡುವ ಸಮೀಕರಣ ತಂತ್ರಾಂಶಗಳಿಗೂ ಇದೇ ಮಾತು ಸಲ್ಲುತ್ತದೆ. ವಿಂಡೋಸ್‌ನ ರೋಬೋಕಾಪಿ ಅಥವಾ ಲಿನಕ್ಸ್‌ನ ಆರ್‌ಸಿಂಕ್ ಬಳಸುವವರು ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿಯೂ ಅಳಿಸುವ ಆಯ್ಕೆಯನ್ನು ತಿಳಿದೇ ಬಳಸಬೇಕು. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ತನ್ನಂತೆಯೇ ಖಾಲಿ ಮಾಡುತ್ತದೆ.

ಪರಿಶೀಲನೆ

ನಕಲು ಪೂರ್ಣಗೊಂಡಿತು ಎಂಬ ಸಂದೇಶ ಸಾಲದು. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ಟಾಯ್ ಸ್ಟೋರಿ 2 ಚಿತ್ರದ ಕಡತಗಳು ತಪ್ಪು ಆದೇಶವೊಂದರಿಂದ ಅಳಿಸಿಹೋದಾಗ, ಮೀಸಲು ವ್ಯವಸ್ಥೆಯೂ ಸರಿಯಾಗಿ ಕೆಲಸ ಮಾಡಿರಲಿಲ್ಲವೆಂಬುದು ಆಗಲೇ ಬೆಳಕಿಗೆ ಬಂತು. ಚಿತ್ರದ ಬಹುಭಾಗವನ್ನು ಮರಳಿ ಪಡೆದದ್ದು ಉದ್ಯೋಗಿಯೊಬ್ಬರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ.

ಕಡತವೊಂದು ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಚೆಕ್‌ಸಮ್ ಎಂಬ ಲೆಕ್ಕವನ್ನು ಬಳಸಲಾಗುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ ಎಷ್ಟೇ ದೊಡ್ಡ ಕಡತಕ್ಕೂ 64 ಅಂಕಾಕ್ಷರಗಳ ಒಂದು ಗುರುತು ದೊರೆಯುತ್ತದೆ. ಕಡತದ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಮೊದಲ ದಿನವೇ ಈ ಗುರುತುಗಳ ಪಟ್ಟಿ ಮಾಡಿ ಪ್ರತಿ ಡಿಸ್ಕಿನಲ್ಲಿಯೂ ಇಟ್ಟರೆ, ವರ್ಷಕ್ಕೊಮ್ಮೆ ತಾಳೆ ನೋಡಿ ಕೆಟ್ಟ ಕಡತವನ್ನು ಒಳ್ಳೆಯ ಪ್ರತಿಯಿಂದ ಬದಲಿಸಬಹುದು. ಈ ಪಟ್ಟಿಯಿಲ್ಲದೆ ಎರಡು ಪ್ರತಿಗಳಲ್ಲಿ ಭೇದ ಕಂಡಾಗ ಯಾವುದು ಸರಿಯೆಂದು ನಿರ್ಧರಿಸುವುದು ಕಷ್ಟ. ಕೆಲವು ಕಡತಗಳನ್ನು ಮೀಸಲು ಡಿಸ್ಕಿನಿಂದ ಬೇರೊಂದು ಕಂಪ್ಯೂಟರಿಗೆ ಮರಳಿಸಿ, ನಡುಭಾಗದಲ್ಲಿಯೂ ಕೊನೆಯಲ್ಲಿಯೂ ಓಡಿಸಿ ನೋಡುವುದು ಇದರ ಜೊತೆಗೇ ಆಗಬೇಕಾದ ಕೆಲಸ.

ಕಡತಗಳ ಹೆಸರು ಮತ್ತು ಕನ್ನಡ ಲಿಪಿ

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಸಿದ್ಧಪಡಿಸಿದ ಚಿತ್ರಗಳ ಪಟ್ಟಿಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಡಬೇಕು. ಯೂನಿಕೋಡಿನಲ್ಲಿಯೂ ಒಂದು ಮಿತಿಯಿದೆ. ಲಿನಕ್ಸ್‌ನ ಎಕ್ಸ್ಟ್4 ವ್ಯವಸ್ಥೆಯಲ್ಲಿ ಕಡತದ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಅಕ್ಷರ, ಸ್ವರಚಿಹ್ನೆ ಮತ್ತು ವಿರಾಮಚಿಹ್ನೆ ಮೂರು ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಬೇಡರ ಕಣ್ಣಪ್ಪ ಎಂಬ ಚಿಕ್ಕ ಹೆಸರಿಗೇ 34 ಬೈಟುಗಳು ಬೇಕು. ನಿರ್ದೇಶಕರು, ನಟರು, ಸಂಗೀತ ಎಂದು ಎಲ್ಲವನ್ನೂ ಹೆಸರಿನಲ್ಲಿಯೇ ತುಂಬಿದರೆ ನಕಲಿಸುವಾಗ ಕಡತ ತಿರಸ್ಕೃತವಾಗಬಹುದು. ಶೀರ್ಷಿಕೆ ಮತ್ತು ವರ್ಷವನ್ನು ಮಾತ್ರ ಹೆಸರಿನಲ್ಲಿಟ್ಟು, ಉಳಿದ ವಿವರವನ್ನು ಪಕ್ಕದಲ್ಲಿ ಒಂದು ಪಠ್ಯ ಕಡತದಲ್ಲಿ ಬರೆಯುವುದು ಮೇಲು. ಮದುವೆ ವಿಡಿಯೊಗಳಿಗೆ ಇಂತಹ ಪಠ್ಯ ಕಡತ ಇನ್ನೂ ಅಗತ್ಯ: ಪಂಕ್ತಿಯಲ್ಲಿ ಕುಳಿತವರು ಯಾರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಅವರಿಂದ ಕೇಳಿ ಬರೆದುಕೊಳ್ಳಬೇಕು.

ಹಕ್ಕುಸ್ವಾಮ್ಯ

ಭಾರತದ ಹಕ್ಕುಸ್ವಾಮ್ಯ ಕಾಯಿದೆ, 1957ರ ಕಲಂ 52(1)(ಎ) ಖಾಸಗಿ ಅಥವಾ ವೈಯಕ್ತಿಕ ಉದ್ದೇಶದ ನ್ಯಾಯಯುತ ಬಳಕೆಗೆ ವಿನಾಯಿತಿ ನೀಡುತ್ತದೆ. 2012ರ ತಿದ್ದುಪಡಿಯ ಮೂಲಕ ಈ ವಿನಾಯಿತಿ ಚಲನಚಿತ್ರಗಳಿಗೂ ವಿಸ್ತರಿಸಿತು. ಇಡೀ ಚಿತ್ರದ ನಕಲು ನ್ಯಾಯಯುತವೇ ಎಂಬುದನ್ನು ಕಲಂ ಬಿಡಿಸಿ ಹೇಳುವುದಿಲ್ಲ. ಅದೇ ತಿದ್ದುಪಡಿಯಲ್ಲಿ ಸೇರಿದ ಕಲಂ 65ಎ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ತಾನು ಕೊಂಡ ತಟ್ಟೆಯ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ, ಅದನ್ನು ಪೆನ್ ಡ್ರೈವಿಗೆ ತುಂಬಿಸಿ ಹಂಚುವುದಕ್ಕೂ ಅಥವಾ ಮಾರುವುದಕ್ಕೂ ವ್ಯತ್ಯಾಸವಿದೆ. ಹರಿಹರದಲ್ಲಿಟ್ಟ ಡಿಸ್ಕು ಮೀಸಲು ಪ್ರತಿಯಾಗಿಯೇ ಉಳಿಯಬೇಕು. ಚಲನಚಿತ್ರದ ಹಕ್ಕುಸ್ವಾಮ್ಯ ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1954ರಲ್ಲಿ ತೆರೆಕಂಡ ಬೇಡರ ಕಣ್ಣಪ್ಪ ಚಿತ್ರದ ಅವಧಿ ಈ ಲೆಕ್ಕದಲ್ಲಿ 2014ರ ಕೊನೆಗೆ ಮುಗಿದಿದೆ. ಚಿತ್ರದೊಳಗಿನ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಅವಧಿಯನ್ನು ಮಾತ್ರ ಅವುಗಳ ಕರ್ತೃಗಳು ತೀರಿಕೊಂಡ ವರ್ಷದಿಂದ ಪ್ರತ್ಯೇಕವಾಗಿ ಎಣಿಸಲಾಗುತ್ತದೆ.