ನಿಮಿಷಕ್ಕೆ ಹದಿನೈದು ಗುಂಡು

ಬ್ರಿಟಿಷ್ ಸೇನೆಯ 1909ರ ಬಂದೂಕು ತರಬೇತಿಯ ನಿಯಮಗಳಲ್ಲಿ ಕಠಿನವಾದ ಪರೀಕ್ಷೆಯೊಂದಿದ್ದಿತು: 300 ಗಜ ದೂರದ ಗುರಿಗೆ ಒಂದು ನಿಮಿಷದಲ್ಲಿ 15 ಗುಂಡು. ಆರಂಭದಲ್ಲಿ ರೈಫಲಿನಲ್ಲಿರುತ್ತಿದ್ದುದು 5 ತೋಟಾ ಮಾತ್ರ. ಲೋಹದ ಪಟ್ಟಿಗಳಲ್ಲಿ ಐದೈದಾಗಿ ಜೋಡಿಸಿದ್ದ ಉಳಿದವನ್ನು ಸಿಪಾಯಿಯು ನಡುವೆ ಎರಡು ಸಲ ತುಂಬಿಕೊಳ್ಳಬೇಕು.

ನಾವು ಲೆಕ್ಕ ಹಾಕಿ ನೋಡೋಣ. ಒಂದೊಂದು ಸಲ ತುಂಬಲು 10 ಸೆಕೆಂಡು ಹಿಡಿದರೆ, ಗುರಿಯಿಟ್ಟು ಹಾರಿಸಲು ಉಳಿಯುವುದು 40 ಸೆಕೆಂಡು. 5 ಸೆಕೆಂಡು ಸಾಕಾದರೆ 50. ಗುರಿಯಿಡುವಾಗ ಅವಸರಪಟ್ಟರೆ ಗುಂಡು ತಪ್ಪುವುದು. ಆದುದರಿಂದ ಕಾಲವನ್ನು ಉಳಿಸಬೇಕಾದುದು ತುಂಬುವ ಕೈಯೇ. 1914ರ ಆಗಸ್ಟಿನಲ್ಲಿ, ಬೆಲ್ಜಿಯಮಿನ ಮಾನ್ಸ್ ಕದನದಲ್ಲಿ, ಸಿಪಾಯಿಗಳ ಪ್ರಾಣವು ಈ ಕೈಚಳಕವನ್ನೇ ಅವಲಂಬಿಸಿದ್ದಿತು.

ಅದನ್ನು ಕಲಿಸುತ್ತಿದ್ದುದು ಮದ್ದಿಲ್ಲದ ಹುಸಿ ತೋಟಾಗಳಿಂದ. ಮೊದಲು ಸರಿಯಾಗಿ, ಅನಂತರ ಬೇಗನೆ. ಈ ಕ್ರಮವನ್ನು ತಿರುಗಿಸಲಾಗದು. ನಮ್ಮ ಮಿದುಳು ಸರಿತಪ್ಪುಗಳನ್ನು ವಿಚಾರಿಸದೆ, ಪದೇ ಪದೇ ಮಾಡಿದುದನ್ನೇ ರೂಢಿಯಾಗಿ ಉಳಿಸಿಕೊಳ್ಳುತ್ತದೆ. ಪಟ್ಟಿಯನ್ನು ಓರೆಯಾಗಿ ಸಿಕ್ಕಿಸಲು ಕಲಿತ ಕೈ, ವೇಗ ಬಂದ ಮೇಲೂ ಓರೆಯಾಗಿಯೇ ಸಿಕ್ಕಿಸುವುದು.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು? ಇದಕ್ಕೆ ಒಳ್ಳೆಯ ಉತ್ತರ ದೊರೆತುದು ರೈಫಲಿನಿಂದಲ್ಲ, ಟೈಪಿಂಗಿನಿಂದ. 1978ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದಿನಕ್ಕೆ 1 ಗಂಟೆ ಕಲಿತ ಬ್ರಿಟಿಷ್ ಅಂಚೆ ನೌಕರರು, 4 ಗಂಟೆ ಕಲಿತವರಿಗಿಂತ ಒಟ್ಟು ಕಡಮೆ ಗಂಟೆಗಳಲ್ಲಿಯೇ ಕೀಲಿಮಣೆಯನ್ನು ಕೈವಶ ಮಾಡಿಕೊಂಡರು. ದಿನಗಳೇನೋ ಹೆಚ್ಚು ಹಿಡಿದುವು. ತರಬೇತಿಯಿಂದ ಎಲ್ಲರಿಗಿಂತ ಅಸಂತುಷ್ಟರಾಗಿದ್ದವರೂ ಅವರೇ!