ನಿಮಗಿದು ಗೊತ್ತೆ? ಬಂಪರ್ ಹೊಡೆದರೂ ಪೂರ್ತಿ ಕೈಗೆ ಬರದು
ಉತ್ತರ ಕನ್ನಡದ ಅವರ್ಸಾದ ಅಂಗಡಿಗಳಲ್ಲಿ ಲಾಟರಿ ಚೀಟಿ ಸಿಗದು. ಕರ್ನಾಟಕದಲ್ಲಿ 2007ರಿಂದಲೇ ಅದಕ್ಕೆ ನಿಷೇಧ. ಕೇರಳದಲ್ಲಾದರೋ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. ಅದರ 2024ರ ತಿರುಓಣಂ ಬಂಪರ್‌ನ 25 ಕೋಟಿ ರೂಪಾಯಿ ಒಲಿದದ್ದು ಮಂಡ್ಯ ಜಿಲ್ಲೆಯ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ! ಆದರೆ ಏಜೆಂಟರ ಕಮಿಷನ್ ಶೇ 10, ಉಳಿದದ್ದರಲ್ಲಿ ಆದಾಯ ತೆರಿಗೆ ಶೇ 30 ಮೊದಲೇ ಮುರಿದುಕೊಳ್ಳುತ್ತಾರೆ. ಸರ್ಚಾರ್ಜ್, ಸೆಸ್ಸನ್ನು ಗೆದ್ದವರೇ ಆಮೇಲೆ ಕಟ್ಟಬೇಕು. ಅದನ್ನು ಎತ್ತಿಡದೆ ಮನೆ, ಕಾರು ಎಂದು ಹೊರಟರೆ ರಿಟರ್ನ್ಸ್ ಸಲ್ಲಿಸುವಾಗ ಬೆವರುವುದು ಖಂಡಿತ. 2022ರಲ್ಲಿ ಇದೇ ಬಂಪರ್ ಗೆದ್ದ ತಿರುವನಂತಪುರದ ಆಟೊ ಚಾಲಕರೊಬ್ಬರು, ದುಡ್ಡು ಕೇಳಿ ಬರುವವರ ಕಾಟ ತಾಳಲಾರದೆ ನೆಂಟರ ಮನೆ ಸೇರಿದ್ದರು. ಆ ಬಳಿಕ ಕೇರಳ ಲಾಟರಿ ಇಲಾಖೆ ವಿಜೇತರಿಗೆ ಹಣ ನಿರ್ವಹಣೆಯ ತರಬೇತಿಯನ್ನೇ ಆರಂಭಿಸಿತು.