ಆಲೂಗಡ್ಡೆಯ ನೊರೆ, ಗಿಡದ ನಂಜು ರೋಗ

ಗಾಯ ತೊಳೆಯೋಕೆ ಮೆಡಿಕಲ್ ಸ್ಟೋರಲ್ಲಿ ಕೊಡ್ತಾರಲ್ಲ ಹೈಡ್ರೋಜನ್ ಪೆರಾಕ್ಸೈಡ್, ಅದನ್ನ ಕುಯ್ದ ಹಸಿ ಆಲೂಗಡ್ಡೆ ಮೇಲೆ ನಾಲ್ಕು ಹನಿ ಬಿಡಿ. ಬುರಬುರ ಅಂತ ಬಿಳಿ ನೊರೆ ಏಳುತ್ತೆ. ಬೇಯಿಸಿದ ಗಡ್ಡೆ ಮೇಲೆ ಬಿಟ್ಟರೆ ಏನೂ ಆಗಲ್ಲ. ವಿಡಿಯೋ ಮಾಡಿಕೊಳ್ಳಿ, ಚೆನ್ನಾಗಿರುತ್ತೆ. (ಆ ಗಡ್ಡೆ ತಿನ್ನಬೇಡಿ.)

ನೊರೆ ಎಬ್ಬಿಸಿದ್ದು ಕ್ಯಾಟಲೇಸ್ ಅನ್ನೋ ಕಿಣ್ವ. ಅದು ಪೆರಾಕ್ಸೈಡನ್ನು ಒಡೆದು ನೀರು, ಆಮ್ಲಜನಕ ಮಾಡುತ್ತೆ. ಬೇಯಿಸಿದರೆ ಕಿಣ್ವವೇ ಕೆಡುತ್ತೆ. ಇದೇ ಪೆರಾಕ್ಸೈಡ್ ಗಿಡದ ಜೀವಕೋಶದಲ್ಲಿ ದಿನಾ ಹುಟ್ಟುತ್ತೆ. ಅರಸೀಕೆರೆ ಕಡೆ ಮಳೆ ಕೈಕೊಟ್ಟು ಬಿಸಿಲು ಏರಿದಾಗ ಎಲೆ ತನ್ನ ಉಸಿರಾಟದ ರಂಧ್ರ ಮುಚ್ಚಿಕೊಳ್ಳುತ್ತೆ. ಬಿದ್ದ ಬಿಸಿಲಿನ ಶಕ್ತಿ ಬಳಕೆಯಾಗದೆ ಪೆರಾಕ್ಸೈಡ್ ಹೆಚ್ಚಾಗುತ್ತೆ. ಕ್ಯಾಟಲೇಸ್, ಪೆರಾಕ್ಸಿಡೇಸ್‌ನಂಥ ಕಿಣ್ವಗಳು ಅದನ್ನು ಹದದಲ್ಲಿಡಬೇಕು, ಇಲ್ಲದಿದ್ದರೆ ಕೋಶ ಸುಟ್ಟ ಹಾಗಾಗುತ್ತೆ.

ಹಾಗಂತ ಪೆರಾಕ್ಸೈಡ್ ಬರೀ ವಿಷ ಅಲ್ಲ. ವೈರಸ್ ಹೊಕ್ಕಾಗ ಗಿಡ ತಾನೇ ಅದನ್ನು ಹೆಚ್ಚಿಸಿಕೊಂಡು ಎಚ್ಚರಿಕೆ ಗಂಟೆ ಬಾರಿಸುತ್ತೆ. ಅದನ್ನೇ ಬಳಸಿ ಪೆರಾಕ್ಸಿಡೇಸ್ ಕೋಶದ ಗೋಡೆ ಗಟ್ಟಿ ಮಾಡುತ್ತೆ. ಬೇರೆ ಕಿಣ್ವಗಳು ತಯಾರಿಸುವ ಸ್ಯಾಲಿಸಿಲಿಕ್ ಆಮ್ಲ ಉಳಿದ ಎಲೆಗಳನ್ನೂ ಎಚ್ಚರಿಸುತ್ತೆ. ಈ ಎಲ್ಲ ಕೆಲಸಕ್ಕೂ ಗಿಡಕ್ಕೆ ಶಕ್ತಿ ಬೇಕು. ಬರ, ನಂಜು ಎರಡೂ ಒಟ್ಟಿಗೆ ಬಂದರೆ ಗಡ್ಡೆ ಕಟ್ಟೋಕೆ ಉಳಿಯೋದು ಕಡಿಮೆ.

ವೈರಸ್‌ಗೆ ಸ್ವಂತ ಅಡುಗೆಮನೆ ಇಲ್ಲ. ಕೋಶದ ಶಕ್ತಿ, ಸಾಮಾನು ಬಳಸಿಯೇ ಅದು ಮರಿ ಮಾಡುತ್ತೆ. ಗಿಡ ಬಿಟ್ಟು ವೈರಸ್ ಮಾತ್ರ ಕೊಲ್ಲುವ ಸಿಂಪಡಣೆ ಹೊಲಕ್ಕೆ ಇಲ್ಲ. ಹಾಗೆ ಹೇಳಿ ಬಾಟಲಿ ಮಾರುವವರಿಗೆ ದುಡ್ಡು ಕೊಡಬೇಡಿ. ಅಂಗಮಾರಿ ಬೇರೆ, ಅದು ವೈರಸ್ ಅಲ್ಲ, ಅದಕ್ಕೆ ಔಷಧಿ ಇದೆ.

ಹಾಸನದ ಮಾರುಕಟ್ಟೆಗೆ ಜಲಂಧರ್‌ನಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಬರೋದಕ್ಕೂ ಇದೇ ಕಾರಣ. ಪಂಜಾಬಿನ ಚಳಿಯಲ್ಲಿ ನಂಜು ಹರಡುವ ಸಸ್ಯಹೇನು ಕಡಿಮೆ. ಹೇನು ಹೆಚ್ಚುವ ಮೊದಲೇ ಅಲ್ಲಿ ಬಳ್ಳಿ ಕತ್ತರಿಸಿಬಿಡ್ತಾರೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಪಿಸಿದ ಪದ್ಧತಿ ಅದು. ಬೇಲೂರು, ಹಳೇಬೀಡಿನ ಮುಂಗಾರು ಬೆಳೆಯಲ್ಲಿ ಹೇನಿಗೆ ಅಂಥ ಬಿಡುವಿಲ್ಲ. ಗಡ್ಡೆ ಹೊರಗಿನಿಂದ ದುಂಡಗೆ ಕಂಡರೂ ಒಳಗೆ ನಂಜು ಕೂತಿರಬಹುದು. ಅದನ್ನೇ ಮತ್ತೆ ಬಿತ್ತಿದರೆ ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತೆ.

ಎಲೆ ಮಚ್ಚೆಮಚ್ಚೆ ಆದ, ಸುರುಳಿ ಸುತ್ತಿದ ಗಿಡವನ್ನ ಗಡ್ಡೆ ಸಮೇತ ಕಿತ್ತು ಹೊರಗೆ ಹಾಕಿ. ಬಿತ್ತನೆ ಗಡ್ಡೆ ಕುಯ್ಯುವಾಗ ಎರಡು ಚಾಕು ಇಟ್ಟುಕೊಳ್ಳಿ. ಒಂದರಲ್ಲಿ ಕುಯ್ಯುವಾಗ ಇನ್ನೊಂದು ಬ್ಲೀಚಿಂಗ್ ಪೌಡರ್ ನೀರಲ್ಲಿರಲಿ, ಯಾಕಂದ್ರೆ ಕೆಲವು ನಂಜು ಚಾಕುವಿನಿಂದಲೂ ದಾಟುತ್ತೆ. ಗಡ್ಡೆ ಕಟ್ಟುವ ಹೊತ್ತಿಗೆ ಮಳೆ ತಪ್ಪಿದರೆ, ಬೋರ್‌ವೆಲ್ ಇದ್ದವರು ಒಂದು ನೀರು ಕೊಡಿ. ಕ್ಯಾಟಲೇಸ್‌ಗೆ ಕಬ್ಬಿಣ, ಇನ್ನೊಂದು ಕಿಣ್ವಕ್ಕೆ ಸತು ಬೇಕು ನಿಜ. ಆದರೆ ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಹಾಕಿ. ಎಲೆ ನೋಡಿ ಅನುಮಾನ ಬಂದರೆ ಫೋಟೋ ಸಾಲದು, ಗಿಡವನ್ನೇ ಕಿತ್ತುಕೊಂಡು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.